ವಯಸ್ಕ ಕಲಿಕಾರ್ಥಿಗಳ ಓದು: ಗ್ರಹಿಕೆ ಮತ್ತು ಅಧಿಸಂಜ್ಞಾನ

ಬರಹದಲ್ಲಿರುವ ಅಕ್ಷರ, ಪದ, ವಾಕ್ಯಗಳನ್ನು ಹಿಡಿದು ಓದುಗನು ತನ್ನ ಮನಸ್ಸಿನಲ್ಲಿ ಒಂದಕ್ಕೊಂದು ಹೊಂದುವ ಅರ್ಥವನ್ನು ಕಟ್ಟಿಕೊಳ್ಳುವ ಕ್ರಿಯೆಗೆ ಓದಿನ ಗ್ರಹಿಕೆ ಎಂದು ಹೆಸರು. ಹಾಗೆ ಕಟ್ಟಿಕೊಳ್ಳುತ್ತಿರುವಾಗಲೇ ಆ ಕೆಲಸ ನೆಟ್ಟಗೆ ಸಾಗುತ್ತಿದೆಯೇ, ಎಲ್ಲಿ ತಪ್ಪಿತು, ತಪ್ಪಿದ್ದನ್ನು ಸರಿಪಡಿಸುವ ಬಗೆ ಯಾವುದು ಎಂದು ಅದರ ಮೇಲೆ ಕಣ್ಣಿಟ್ಟಿರುವ ಮನೋವ್ಯಾಪಾರವನ್ನು ಶಿಕ್ಷಣಶಾಸ್ತ್ರದಲ್ಲಿ ಅಧಿಸಂಜ್ಞಾನ, ಅಂದರೆ ಅರಿವಿನ ಮೇಲಿನ ಅರಿವು, ಎಂದು ಕರೆಯುತ್ತಾರೆ. ವಯಸ್ಕ ಕಲಿಕಾರ್ಥಿ ಎಂಬ ಮಾತಿನಲ್ಲಿ ಹಲವು ಬಗೆಯ ಜನ ಅಡಕವಾಗಿದ್ದಾರೆ: ಶಾಲೆಯ ಮೆಟ್ಟಿಲನ್ನೇ ಹತ್ತದೆ ನಡುವಯಸ್ಸಿನಲ್ಲಿ ಅಕ್ಷರ ಕಲಿತ ನವಸಾಕ್ಷರರು, ಅರ್ಧಕ್ಕೆ ನಿಂತ ಓದನ್ನು ದೂರಶಿಕ್ಷಣದಲ್ಲಿ ಮುಂದುವರಿಸುವವರು, ಉದ್ಯೋಗಕ್ಕಾಗಿ ಇನ್ನೊಂದು ಭಾಷೆಯ ಬರಹವನ್ನು ರೂಢಿಸಿಕೊಳ್ಳುವವರು. ಇವರ ತೊಡಕುಗಳು ಒಂದೇ ಬಗೆಯವಲ್ಲವಾದರೂ ತನಗೆ ಅರ್ಥವಾಗಿಲ್ಲ ಎಂಬುದೇ ತಿಳಿಯದೆ ಮುಂದಿನ ಸಾಲಿಗೆ ಹೋಗಿಬಿಡುವ ತೊಡಕು ಮಾತ್ರ ಎಲ್ಲರಲ್ಲೂ ಕಾಣುತ್ತದೆ, ಮತ್ತು ಈ ವಿಷಯದ ಅಧ್ಯಯನವೆಲ್ಲ ಒಂದರ್ಥದಲ್ಲಿ ಈ ತೊಡಕಿನ ಸುತ್ತಲೇ ಬೆಳೆದಿದೆ.

ಓದನ್ನು ಮನಶ್ಶಾಸ್ತ್ರದ ವಿಷಯವಾಗಿ ನೋಡಿದ ಮೊದಲ ದೊಡ್ಡ ಗ್ರಂಥವನ್ನು ಅಮೆರಿಕದ ಎಡ್ಮಂಡ್ ಹ್ಯೂಯಿ 1908ರಲ್ಲಿ ಪ್ರಕಟಿಸಿದ. 1917ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್, ಶಾಲಾಮಕ್ಕಳು ಪ್ಯಾರಾವೊಂದನ್ನು ಓದಿ ಕೊಟ್ಟ ತಪ್ಪು ಉತ್ತರಗಳನ್ನು ಬಿಡಿಸಿ ನೋಡಿ, ಓದುವುದೆಂದರೆ ಲೆಕ್ಕ ಬಿಡಿಸುವಂತೆಯೇ ತರ್ಕದ ಕೆಲಸವೆಂದೂ, ಪ್ರತಿ ಪದಕ್ಕೂ ತಕ್ಕಷ್ಟು ತೂಕ ಕೊಟ್ಟು ಒಂದನ್ನೊಂದಕ್ಕೆ ಹೊಂದಿಸದಿದ್ದರೆ ಪದಗಳೆಲ್ಲ ಗೊತ್ತಿದ್ದೂ ಅರ್ಥ ಕೆಡುತ್ತದೆಯೆಂದೂ ತೋರಿಸಿದ. 1932ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಬಾರ್ಟ್‌ಲೆಟ್, ಓದುಗರು ತಮಗೆ ಪರಿಚಯವಿಲ್ಲದ ಸಂಸ್ಕೃತಿಯ ಕಥೆಯನ್ನು ನೆನಪಿನಿಂದ ಹೇಳುವಾಗ ಅದನ್ನು ತಮ್ಮ ಲೋಕದ ರೂಢಿಗೆ ತಕ್ಕಂತೆ ತಿದ್ದಿಬಿಡುತ್ತಾರೆಂದು ಕಂಡುಕೊಂಡ. ಆ ಬಳಿಕ ಹೊರಗೆ ಕಾಣುವ ವರ್ತನೆಯನ್ನಷ್ಟೇ ಅಳೆಯಬೇಕೆಂಬ ಪಂಥ ಮೇಲುಗೈ ಪಡೆದು ಈ ಪ್ರಶ್ನೆಗಳು ಕೆಲವು ದಶಕ ಹಿಂದೆ ಬಿದ್ದವು. ಅಧಿಸಂಜ್ಞಾನ ಎಂಬ ಪರಿಕಲ್ಪನೆಗೆ ಹೆಸರಿಟ್ಟು (1976), ಮುಂದೆ 1979ರ ಪ್ರಸಿದ್ಧ ಲೇಖನದಲ್ಲಿ ಅದನ್ನು ವಿಸ್ತರಿಸಿದವನು ಜಾನ್ ಫ್ಲೇವೆಲ್. ಅದನ್ನು ಓದಿನ ಕ್ಷೇತ್ರಕ್ಕೆ ತಂದು, ತನ್ನ ಕಲಿಕೆಯ ಬಗ್ಗೆ ಇರುವ ತಿಳಿವಳಿಕೆ ಒಂದು, ಕಲಿಕೆಯನ್ನು ಆ ಹೊತ್ತಿನಲ್ಲೇ ನಿಯಂತ್ರಿಸುವ ಶಕ್ತಿ ಇನ್ನೊಂದು ಎಂದು ಎರಡಾಗಿ ವಿಂಗಡಿಸಿದವರಲ್ಲಿ ಆನ್ ಬ್ರೌನ್ ಮುಖ್ಯಳು. ಪ್ಯಾರಿಸ್, ಲಿಪ್ಸನ್ ಮತ್ತು ವಿಕ್ಸನ್ 1983ರಲ್ಲಿ ಇನ್ನೂ ಒಂದು ಸೂಕ್ಷ್ಮವನ್ನು ಸೇರಿಸಿದರು. ಅಡಿಗೆರೆ ಎಳೆಯುವುದೆಂದರೇನು ಎಂದು ತಿಳಿದಿರುವುದು ಬೇರೆ, ಎಳೆಯಲು ಬರುವುದು ಬೇರೆ, ಯಾವಾಗ ಎಳೆಯಬೇಕು ಮತ್ತು ಯಾವಾಗ ಎಳೆದು ಪ್ರಯೋಜನವಿಲ್ಲ ಎಂದು ತಿಳಿದಿರುವುದು ಬೇರೆ. ಪುಟವಿಡೀ ಗೆರೆ ಎಳೆದಿಟ್ಟ ಪಠ್ಯಪುಸ್ತಕವನ್ನು ಕಂಡವರಿಗೆ ಈ ಮೂರನೆಯ ತಿಳಿವಳಿಕೆ ಎಷ್ಟು ಅಪರೂಪವೆಂದು ವಿವರಿಸಬೇಕಾಗಿಲ್ಲ.

ಗ್ರಹಿಕೆಯ ಒಳಗಿನ ನಡೆಯನ್ನು ವಿವರಿಸುವ ಸಿದ್ಧಾಂತಗಳಲ್ಲಿ ವಾಲ್ಟರ್ ಕಿಂಚ್ ಮತ್ತು ಟ್ಯೂನ್ ಫಾನ್ ಡೈಕ್ 1978ರಿಂದ ಬೆಳೆಸಿದ ಸಿದ್ಧಾಂತಕ್ಕೆ ಹೆಚ್ಚಿನ ಮನ್ನಣೆಯಿದೆ. ಇದರ ಪ್ರಕಾರ ಓದುಗನ ಮನಸ್ಸಿನಲ್ಲಿ ಮೊದಲು ಪಠ್ಯ ಹೇಳಿದ ಮಾತುಗಳ ಜಾಲವೊಂದು ಏರ್ಪಡುತ್ತದೆ. ಅದರ ಮೇಲೆ ಆ ಮಾತುಗಳು ಸೂಚಿಸುವ ಸಂದರ್ಭದ ಚಿತ್ರವನ್ನು ಓದುಗ ತನ್ನ ಲೋಕಜ್ಞಾನ ಸೇರಿಸಿ ಕಟ್ಟುತ್ತಾನೆ. ಜಮೀನಿನ ಕ್ರಯಪತ್ರದಲ್ಲಿ ಬರುವ ಚಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಎಲ್ಲೆಯ ವಿವರವನ್ನು, ನಿದರ್ಶನವಾಗಿ ನೋಡಬಹುದು. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಅದೇ ಸರ್ವೆ ನಂಬರಿನ ಉಳಿಕೆ ಜಮೀನು, ಉತ್ತರಕ್ಕೂ ದಕ್ಷಿಣಕ್ಕೂ ಬೇರೆಯವರ ಹೊಲ ಎಂದು ಬರೆದಿದ್ದರೆ, ಪೂರ್ವಕ್ಕೆ ಏನಿದೆ ಎಂಬ ಪ್ರಶ್ನೆಗೆ ಅಕ್ಷರ ಕೂಡಿಸಿ ಓದಬಲ್ಲ ಯಾರು ಬೇಕಾದರೂ ಹಳ್ಳ ಎಂದು ಉತ್ತರಿಸುತ್ತಾರೆ. ಆ ನಾಲ್ಕು ಸಾಲುಗಳಿಂದ ಹೊಲವನ್ನು ಕಣ್ಣಮುಂದೆ ನಿಲ್ಲಿಸಿಕೊಂಡ ಬೇಸಾಯಗಾರ ಮಾತ್ರ ಗಾಡಿ ಹೋಗಲು ದಾರಿ ಎಲ್ಲಿದೆ ಎಂದು ಕೇಳುತ್ತಾನೆ. ಪತ್ರದಲ್ಲಿ ದಾರಿ ಎಂಬ ಪದವೇ ಇಲ್ಲ. ಇಲ್ಲದಿರುವುದನ್ನು ಕಂಡದ್ದೇ ಅವನ ಗ್ರಹಿಕೆ. ಇಂಥ ಕಡೆ ಪದವೀಧರನಿಗಿಂತ ತಡವರಿಸಿ ಓದುವ ರೈತನ ಓದು ಆಳವಾಗಿರುವುದುಂಟು. ಸಂದರ್ಭದ ಚಿತ್ರ ಮೂಡದಿದ್ದರೆ ಸುಲಭ ಪದಗಳೂ ಕೈಕೊಡುತ್ತವೆ ಎಂಬುದಕ್ಕೆ ಬ್ರಾನ್ಸ್‌ಫರ್ಡ್ ಮತ್ತು ಜಾನ್ಸನ್ 1972ರಲ್ಲಿ ನಡೆಸಿದ ಪ್ರಯೋಗ ಸಾಕ್ಷಿಯಾಗಿದೆ. ಬಟ್ಟೆ ಒಗೆಯುವ ಕೆಲಸವನ್ನು ಹೆಸರಿಸದೆ ವರ್ಣಿಸಿದ ಪ್ಯಾರಾವನ್ನು ಅದು ಯಾವುದರ ಬಗ್ಗೆ ಎಂದು ಮೊದಲೇ ತಿಳಿಸದೆ ಕೊಟ್ಟಾಗ ವಯಸ್ಕರಿಗೂ ಅದು ತಲೆಬುಡವಿಲ್ಲದ ಮಾತಾಗಿ ತೋರಿತು, ಮೊದಲೇ ವಿಷಯ ತಿಳಿದವರಿಗೆ ಸಲೀಸಾಗಿ ಅರ್ಥವಾಯಿತು.

ಅರ್ಥವಾಗದಿದ್ದಾಗ ಅದು ಓದುಗನಿಗೆ ತಾನಾಗಿಯೇ ಗೊತ್ತಾಗುತ್ತದೆ ಎಂಬ ಸಾಮಾನ್ಯ ನಂಬಿಕೆಯನ್ನು 1970ರ ದಶಕದ ಕೊನೆಯಿಂದೀಚೆಗಿನ ಪ್ರಯೋಗಗಳು ಅಲುಗಾಡಿಸಿವೆ. ಎಲೆನ್ ಮಾರ್ಕ್‌ಮನ್ ಮಕ್ಕಳ ಮೇಲೆ ಪ್ರಯೋಗ ನಡೆಸಿ, ಒಂದೇ ಬರಹದಲ್ಲಿ ಒಂದಕ್ಕೊಂದು ವಿರುದ್ಧವಾದ ಮಾತುಗಳಿದ್ದರೂ ಅವರಲ್ಲಿ ಅನೇಕರು ಅದನ್ನು ಗಮನಿಸುವುದಿಲ್ಲವೆಂದು ತೋರಿಸಿದ್ದಳು. 1982ರಲ್ಲಿ ಗ್ಲೆನ್‌ಬರ್ಗ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳ ಮುಂದೆ ಅಂಥವೇ ಬರಹಗಳನ್ನಿಟ್ಟಾಗ ಅವರಲ್ಲೂ ಹಲವರು ವಿರೋಧವನ್ನು ಕಾಣದೆ, ಚೆನ್ನಾಗಿ ಅರ್ಥವಾಯಿತು ಎಂದೇ ಹೇಳಿದರು. ಸಂಶೋಧಕರು ಇದನ್ನು ತಿಳಿದಿದೆಯೆಂಬ ಭ್ರಮೆ ಎಂದು ಕರೆದರು. ತನಗೆ ಎಷ್ಟು ಅರ್ಥವಾಗಿದೆಯೆಂದು ಓದುಗ ಕೊಟ್ಟುಕೊಳ್ಳುವ ಅಂಕಕ್ಕೂ ಪರೀಕ್ಷೆಯಲ್ಲಿ ಅವನು ಪಡೆಯುವ ಅಂಕಕ್ಕೂ ಇರುವ ನಂಟನ್ನು ಅಳೆದ ಅಧ್ಯಯನಗಳಲ್ಲಿ ಸಹಸಂಬಂಧದ ಸರಾಸರಿ 0.27ರ ಆಸುಪಾಸಿನಲ್ಲಿದೆ, ಪೂರ್ಣ ಹೊಂದಿಕೆಯಿದ್ದರೆ ಅದು 1 ಆಗಿರಬೇಕಿತ್ತು. ಓದು ಮುಗಿದ ತಕ್ಷಣ ಪದಗಳೆಲ್ಲ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿರುವುದರಿಂದ ಪರಿಚಯವನ್ನೇ ಅರಿವೆಂದು ಮನಸ್ಸು ನಂಬುವುದು ಇದಕ್ಕೆ ಒಂದು ಕಾರಣವೆಂದು ತೋರುತ್ತದೆ. ಓದಿದ ಸ್ವಲ್ಪ ಹೊತ್ತಿನ ಮೇಲೆ ಪುಸ್ತಕ ಮುಚ್ಚಿ, ಅದರ ಮುಖ್ಯ ಪದಗಳನ್ನು ಬರೆಯಲು ಹೇಳಿದಾಗ ಓದುಗರ ಸ್ವಂತ ಅಂದಾಜು ಗಣನೀಯವಾಗಿ ಸುಧಾರಿಸಿತೆಂದು ಥೀಡ್ ಮತ್ತು ಸಂಗಡಿಗರು 2003ರಲ್ಲಿ ವರದಿ ಮಾಡಿದ್ದಾರೆ. 2013ರಲ್ಲಿ ಡನ್‌ಲಾಸ್ಕಿ ಮತ್ತು ಸಂಗಡಿಗರು ಹತ್ತು ಅಧ್ಯಯನ ವಿಧಾನಗಳನ್ನು ತೂಗಿ ನೋಡಿ, ಗೆರೆ ಎಳೆಯುವುದು ಮತ್ತು ಮತ್ತೆ ಮತ್ತೆ ಓದುವುದು ಕಡಿಮೆ ಫಲದವು, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ದಿನಗಳ ಅಂತರವಿಟ್ಟು ಓದುವುದು ಹೆಚ್ಚು ಫಲದವು ಎಂಬ ನಿರ್ಣಯಕ್ಕೆ ಬಂದರು. ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆಯುವ ವಾಡಿಕೆ ಮತ್ತೆ ಮತ್ತೆ ಓದುವುದು, ಅಂತರ ಬಿಡದಿರುವುದು ಎಂಬ ಎರಡು ತಪ್ಪುಗಳನ್ನೂ ಒಟ್ಟಿಗೆ ಮಾಡುತ್ತದೆ.

ನವಸಾಕ್ಷರರ ಸ್ಥಿತಿ ಇದಕ್ಕಿಂತ ಬೇರೆಯಾಗಿದ್ದು, ಅದನ್ನು ಪ್ರತ್ಯೇಕವಾಗಿ, ತುಸು ವಿಸ್ತಾರವಾಗಿ ನೋಡಬೇಕಾಗುತ್ತದೆ. ಗಫ್ ಮತ್ತು ಟನ್ಮರ್ 1986ರಲ್ಲಿ ಮಂಡಿಸಿದ ಸರಳ ಸೂತ್ರದ ಪ್ರಕಾರ ಓದಿನ ಗ್ರಹಿಕೆಯು ಅಕ್ಷರ ಬಿಡಿಸುವ ಶಕ್ತಿ ಮತ್ತು ಕೇಳಿ ಅರ್ಥಮಾಡಿಕೊಳ್ಳುವ ಶಕ್ತಿ ಇವೆರಡರ ಗುಣಲಬ್ಧವಾಗಿದ್ದು, ಒಂದು ಸೊನ್ನೆಯಾದರೆ ಒಟ್ಟು ಫಲವೂ ಸೊನ್ನೆಯೇ. ವಯಸ್ಕರಲ್ಲಿ ಎರಡನೆಯದು ಪಕ್ವವಾಗಿರುತ್ತದೆ, ತೊಡಕು ಮೊದಲನೆಯದರಲ್ಲಿ. ಕನ್ನಡದ 49 ಮೂಲಾಕ್ಷರಗಳು ಕಾಗುಣಿತ, ಒತ್ತಕ್ಷರಗಳೊಡನೆ ಸೇರಿ ನೂರಾರು ರೂಪಗಳಾಗುತ್ತವೆ. ಶಾಲಾಮಕ್ಕಳ ಕನ್ನಡ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ 2007ರ ಲೇಖನದಲ್ಲಿ, ಈ ರೂಪಗಳ ಮೇಲಿನ ಹಿಡಿತ ಒಂದೆರಡು ವರ್ಷದಲ್ಲಿ ಬರುವಂಥದಲ್ಲ, ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳವರೆಗೂ ಕಲಿಕೆ ನಡೆದೇ ಇರುತ್ತದೆಂದು ತೋರಿಸಿದ್ದಾರೆ. ಅರ್ಕಾವತ್ತಿನಂಥ ಚಿಹ್ನೆ ಬರಹದಲ್ಲಿ ವ್ಯಂಜನದ ಬಲಕ್ಕೆ ಬಂದು ಉಚ್ಚಾರಣೆಯಲ್ಲಿ ಅದಕ್ಕಿಂತ ಮೊದಲು ಕೇಳಿಸುವುದರಿಂದ ಕಣ್ಣು ಮುಂದೆ ಹೋಗಿ ಹಿಂದಕ್ಕೆ ಬರಬೇಕು. ಮಕ್ಕಳು ವರ್ಷಗಟ್ಟಲೆ ಮಾಡುವ ಈ ಕೆಲಸವನ್ನು ರಾಷ್ಟ್ರೀಯ ಸಾಕ್ಷರತಾ ಮಿಷನ್ನಿನ ಮೂರು ಪ್ರೈಮರುಗಳ ಕ್ರಮದಲ್ಲಿ ವಯಸ್ಕರು ಸುಮಾರು 200 ಗಂಟೆಗಳಲ್ಲಿ, ಅದೂ ದಿನದ ದುಡಿಮೆ ಮುಗಿದ ಮೇಲೆ, ಮುಗಿಸಬೇಕಾಗಿತ್ತು.

1988ರಲ್ಲಿ ಆರಂಭವಾದ ಆ ಮಿಷನ್ ಸಾಕ್ಷರನೆನಿಸಿಕೊಳ್ಳಲು ನಿಗದಿಪಡಿಸಿದ ಮಟ್ಟವೆಂದರೆ ಗಟ್ಟಿಯಾಗಿ ಓದುವಾಗ ನಿಮಿಷಕ್ಕೆ 30 ಪದ, ಮೌನವಾಗಿ ಓದುವಾಗ 35 ಪದ. ಈ ವೇಗ ಗ್ರಹಿಕೆಗೆ ಸಾಕೇ ಎಂಬುದನ್ನು ಸರ್ಕಾರಿ ಪ್ರಕಟಣೆಗಳ ಧಾಟಿಯ ಒಂದು ಮಾದರಿ ವಾಕ್ಯದಿಂದ ನೋಡಬಹುದು: ‘ಹಿಂದಿನ ಎರಡು ವರ್ಷಗಳಲ್ಲಿ ಇದೇ ಯೋಜನೆಯಡಿ ಸಹಾಯಧನ ಪಡೆದ ಫಲಾನುಭವಿಗಳ ಕುಟುಂಬದ ಸದಸ್ಯರು ಈ ಸಾಲಿನಲ್ಲಿ ಅರ್ಜಿ ಸಲ್ಲಿಸಲು ಅರ್ಹರಿರುವುದಿಲ್ಲ.’ ಇದರಲ್ಲಿ 15 ಪದಗಳಿವೆ. ನಿಮಿಷಕ್ಕೆ 30 ಪದದಂತೆ ಓದುವವರಿಗೆ ಇದು ಅರ್ಧ ನಿಮಿಷದ ಕೆಲಸ. ತಕ್ಷಣದ ನೆನಪಿನಲ್ಲಿ ಮಾತು ಅಷ್ಟು ಹೊತ್ತು ನಿಲ್ಲುವುದಿಲ್ಲವಾಗಿ, ಕೊನೆಯ ಪದ ಬರುವ ವೇಳೆಗೆ ಮೊದಲ ಪದಗಳು ಜಾರಿಹೋಗಿರುತ್ತವೆ. ಕನ್ನಡದಲ್ಲಿ ಕ್ರಿಯಾಪದವೂ ಅದರೊಡನೆ ನಿಷೇಧವೂ ವಾಕ್ಯದ ತುದಿಯಲ್ಲಿ ಬರುವುದರಿಂದ, ‘ಸಲ್ಲಿಸಲು’ ಎಂಬಲ್ಲಿಗೆ ದಣಿದು ನಿಂತ ಓದುಗನಿಗೆ ದೊರೆಯುವುದು ಅರೆ ಅರ್ಥವಲ್ಲ, ತದ್ವಿರುದ್ಧ ಅರ್ಥ. ಓದುಬರಹದಲ್ಲಿ ಪಳಗಿದವನು ಇಂಥ ವಾಕ್ಯ ಕಂಡೊಡನೆ ಮೊದಲು ಕೊನೆಯ ಪದದ ಮೇಲೆ ಕಣ್ಣು ಹಾಯಿಸಿ ಆಮೇಲೆ ಆರಂಭಕ್ಕೆ ಬರುತ್ತಾನೆ. ಇದೊಂದು ಅಧಿಸಂಜ್ಞಾನದ ತಂತ್ರ. ಕನ್ನಡದಂಥ ಭಾಷೆಗಳ ವಾಕ್ಯರಚನೆಗೆ ತಕ್ಕ ಇಂಥ ತಂತ್ರಗಳು ಪಶ್ಚಿಮದ ಪಟ್ಟಿಗಳಲ್ಲಿ ಸಿಗುವುದಿಲ್ಲ, ಕನ್ನಡದ ವಯಸ್ಕರ ಶಿಕ್ಷಣದಲ್ಲಿ ಮೊದಲು ಕಲಿಸಬೇಕಾದವು ಇವೇ.

ಆಡುವ ಕನ್ನಡಕ್ಕೂ ಬರೆಯುವ ಕನ್ನಡಕ್ಕೂ ಇರುವ ಅಂತರ ಈ ಹೊರೆಯನ್ನು ಹೆಚ್ಚಿಸುತ್ತದೆ. ‘ಸದರಿ’, ‘ಮೇಲ್ಕಂಡ’, ‘ತಕ್ಕದ್ದು’ ಎಂಬ ಕಚೇರಿಯ ಮಾತುಗಳನ್ನು ಮನೆಯಲ್ಲಿ ಯಾರೂ ಆಡುವುದಿಲ್ಲ, ಮತ್ತು ‘ಸದರಿ’ ಎಂದಾಗಲೆಲ್ಲ ಹಿಂದೆ ಹೇಳಿದ್ದು ಯಾವುದೆಂದು ಮೇಲಿನ ಸಾಲಿಗೆ ಹೋಗಿ ಹುಡುಕಬೇಕು. ಮನೆಮಾತು ತುಳು, ಕೊಂಕಣಿ, ಕೊಡವ, ಲಂಬಾಣಿ, ಉರ್ದು ಆಗಿರುವವರಿಗೆ ಸೂತ್ರದ ಎರಡನೆಯ ಭಾಗವೂ, ಅಂದರೆ ಕೇಳಿ ಅರ್ಥಮಾಡಿಕೊಳ್ಳುವ ಶಕ್ತಿಯೂ, ಕನ್ನಡದಲ್ಲಿ ಪೂರ್ತಿಯಾಗಿ ಒದಗುವುದಿಲ್ಲ.

ವಯಸ್ಕರ ಅನುಭವ ಎರಡಲಗಿನ ಕತ್ತಿ. ಮಾಲ್ಕಮ್ ನೋಲ್ಸ್ ಮುಂತಾದ ವಯಸ್ಕರ ಶಿಕ್ಷಣದ ಚಿಂತಕರು ಅದನ್ನು ಕಲಿಕೆಯ ಮುಖ್ಯ ಬಂಡವಾಳವೆಂದು ಎತ್ತಿಹಿಡಿದದ್ದು ಸರಿಯಾದರೂ, ಆ ಬಂಡವಾಳ ಓದಿಗೆ ಅಡ್ಡಬರುವ ಸಂದರ್ಭಗಳನ್ನು ಅವರು ಅಷ್ಟಾಗಿ ಚರ್ಚಿಸಲಿಲ್ಲ. ಭಾರತದಲ್ಲಿ ಕೀಟನಾಶಕದ ಡಬ್ಬಿಯ ಮೇಲೆ ವಿಷದ ತೀವ್ರತೆಗೆ ತಕ್ಕಂತೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ಬಣ್ಣದ ಗುರುತು ಇರಬೇಕೆಂಬ ನಿಯಮವಿದ್ದು, ಅತಿ ಹೆಚ್ಚು ವಿಷದ್ದಕ್ಕೆ ಕೆಂಪು, ಎಲ್ಲಕ್ಕಿಂತ ಕಡಿಮೆ ವಿಷದ್ದಕ್ಕೆ ಹಸಿರು ಬಣ್ಣವನ್ನು ಗೊತ್ತುಮಾಡಲಾಗಿದೆ. ಹಸಿರನ್ನು ಬೆಳೆಗೆ ಒಳ್ಳೆಯದೆಂದು ತಿಳಿದ, ಔಷಧಿಯ ಅಳತೆಯನ್ನು ಮುಚ್ಚಳದಲ್ಲೇ ಮಾಡಿ ರೂಢಿಯಿರುವ ಓದುಗ, ಚೀಟಿಯ ಮೇಲೆ ಕಣ್ಣಾಡಿಸಿದರೂ ಅಲ್ಲಿ ಕಾಣುವುದು ತನಗೆ ಮೊದಲೇ ಗೊತ್ತಿದ್ದುದನ್ನೇ. ಬರಹ ಹೇಳಿದ್ದೇನು, ತಾನು ಸೇರಿಸಿದ್ದೇನು ಎಂದು ಬಿಡಿಸಿ ನೋಡಿಕೊಳ್ಳುವುದು ಮಕ್ಕಳಿಗಿಂತ ವಯಸ್ಕರಿಗೆ ಹೆಚ್ಚು ಅಗತ್ಯವಾದ ಅಭ್ಯಾಸ.

ತಂತ್ರಗಳನ್ನು ಕಲಿಸುವ ವಿಧಾನಗಳಲ್ಲಿ ಹಳೆಯದೊಂದು ಅಮೆರಿಕದ ಫ್ರಾನ್ಸಿಸ್ ರಾಬಿನ್ಸನ್ 1940ರ ದಶಕದಲ್ಲಿ ರೂಪಿಸಿದ ಐದು ಹೆಜ್ಜೆಗಳ ಕ್ರಮ: ಮೊದಲು ಕಣ್ಣಾಡಿಸುವುದು, ಪ್ರಶ್ನೆ ಹಾಕಿಕೊಳ್ಳುವುದು, ಓದುವುದು, ಪುಸ್ತಕ ನೋಡದೆ ಹೇಳಿಕೊಳ್ಳುವುದು, ಮರುನೋಟ. ಹೆಚ್ಚಿನ ಪರಿಣಾಮ ಬೀರಿದ್ದು ಪಾಲಿನ್ಸರ್ ಮತ್ತು ಬ್ರೌನ್ 1984ರಲ್ಲಿ ಪ್ರಕಟಿಸಿದ ಪರಸ್ಪರ ಬೋಧನೆಯ ವಿಧಾನ. ಸಣ್ಣ ಗುಂಪೊಂದು ಪ್ಯಾರಾ ಓದಿದ ಮೇಲೆ ಒಬ್ಬರು ಸಾರಾಂಶ ಹೇಳಿ, ಪ್ರಶ್ನೆ ಕೇಳಿ, ತೊಡಕಾದ ಕಡೆಯನ್ನು ಬಿಡಿಸಿ, ಮುಂದೆ ಏನು ಬರಬಹುದೆಂದು ಊಹಿಸುತ್ತಾರೆ. ಮುಂದಿನ ಪ್ಯಾರಾಕ್ಕೆ ಈ ಸರದಿ ಇನ್ನೊಬ್ಬರದು. ಮೊದಮೊದಲು ಶಿಕ್ಷಕ ಇದನ್ನೆಲ್ಲ ತಾನೇ ಮಾಡಿತೋರಿಸಿ ಕ್ರಮೇಣ ಹಿಂದೆ ಸರಿಯುತ್ತಾನೆ. ಪ್ರಯೋಗ ನಡೆದದ್ದು ಏಳನೆಯ ತರಗತಿಯ ಮಕ್ಕಳೊಡನೆಯಾದರೂ ವಿಧಾನ ವಯಸ್ಕರ ಗುಂಪಿಗೂ ಒಗ್ಗುತ್ತದೆ. ನಾಲ್ಕರಲ್ಲಿ ತರಗತಿಗಳು ಹೆಚ್ಚಾಗಿ ಹಿಡಿದುಕೊಳ್ಳುವುದು ಸಾರಾಂಶವನ್ನು, ಬಿಟ್ಟುಬಿಡುವುದು ತೊಡಕು ಬಿಡಿಸುವುದನ್ನು. ಇದಕ್ಕೆ ಕಾರಣ ಸಂಕೋಚ. ರಾತ್ರಿಯ ಕಲಿಕಾ ಕೇಂದ್ರದಲ್ಲಿ ಮಗಳ ವಯಸ್ಸಿನ ಸ್ವಯಂಸೇವಕಿ ‘ಅರ್ಥವಾಯ್ತೇನಮ್ಮಾ?’ ಎಂದರೆ ಐವತ್ತರ ಹೆಂಗಸು ‘ಹ್ಞೂಂ’ ಎನ್ನದೆ ಬೇರೇನು ಹೇಳಲು ಸಾಧ್ಯ? ‘ಯಾವ ಮಾತಿನ ಹತ್ತಿರ ನಿಂತಿರಿ?’ ಎಂಬ ಪ್ರಶ್ನೆ ನಿಲ್ಲುವುದು ಸಹಜವೆಂದು ಮೊದಲೇ ಒಪ್ಪಿಕೊಂಡಿರುವುದರಿಂದ ಅದಕ್ಕೆ ನಿಜವಾದ ಉತ್ತರ ಬರುತ್ತದೆ. ಓದುವಾಗ ಮನಸ್ಸಿನಲ್ಲಿ ನಡೆಯುವುದನ್ನು ಶಿಕ್ಷಕ ಗಟ್ಟಿಯಾಗಿ ಆಡಿತೋರಿಸುವ ವಿಧಾನದ ಬಲವೂ ಇದೇ: ಬಲ್ಲವರೂ ಎಡವುತ್ತಾರೆ, ಹಿಂದಕ್ಕೆ ಹೋಗುತ್ತಾರೆ ಎಂಬುದು ಕಲಿಯುವವರಿಗೆ ಆಗ ಕಾಣುತ್ತದೆ.

ಎರಡನೆಯ ಭಾಷೆಯಲ್ಲಿ ಓದುವವರ ವಿಷಯದಲ್ಲಿ, ತೊಡಕು ಓದಿನದೋ ಭಾಷೆಯದೋ ಎಂದು ಚಾರ್ಲ್ಸ್ ಆಲ್ಡರ್ಸನ್ 1984ರಲ್ಲಿ ಎತ್ತಿದ ಪ್ರಶ್ನೆ ಇಂದಿಗೂ ಚರ್ಚೆಯಲ್ಲಿದೆ. ಭಾಷೆಯ ಹಿಡಿತ ಒಂದು ಮಟ್ಟ ಮುಟ್ಟುವವರೆಗೆ ಮೊದಲ ಭಾಷೆಯ ಓದಿನ ಕೌಶಲ ಇಲ್ಲಿಗೆ ವರ್ಗವಾಗುವುದಿಲ್ಲವೆಂಬ ಅಭಿಪ್ರಾಯಕ್ಕೆ ಸಾಕಷ್ಟು ಬೆಂಬಲವಿದೆ. ಕನ್ನಡ ಮಾಧ್ಯಮದಲ್ಲಿ ಕಲಿತು ಇಂಗ್ಲಿಷ್ ಪಠ್ಯಗಳನ್ನು ಎದುರಿಸುವವರಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ. ಕನ್ನಡದಲ್ಲಿ ವಾದದ ಎಳೆಯನ್ನು ಸುಲಭವಾಗಿ ಹಿಡಿಯುವವರೇ ಇಂಗ್ಲಿಷಿನಲ್ಲಿ ಪದಪದಕ್ಕೂ ನಿಘಂಟು ತೆರೆದು ವಾಕ್ಯವನ್ನು ಕಳೆದುಕೊಳ್ಳುತ್ತಾರೆ.

ಅಧಿಸಂಜ್ಞಾನವನ್ನು ಅಳೆಯಲು ಬಳಕೆಯಲ್ಲಿರುವ ಸಾಧನಗಳಲ್ಲಿ ಶ್ರಾ ಮತ್ತು ಡೆನಿಸನ್ 1994ರಲ್ಲಿ ರೂಪಿಸಿದ 52 ಹೇಳಿಕೆಗಳ ಪ್ರಶ್ನಾವಳಿ, ಮೊಖ್ತಾರಿ ಮತ್ತು ರೈಕಾರ್ಡ್ 2002ರಲ್ಲಿ ರೂಪಿಸಿದ 30 ಹೇಳಿಕೆಗಳ ಪ್ರಶ್ನಾವಳಿ ಹೆಸರಾಗಿವೆ. ಇವುಗಳಲ್ಲಿ ಓದುಗ ತಾನು ಏನು ಮಾಡುತ್ತೇನೆಂದು ತಾನೇ ಗುರುತು ಹಾಕುತ್ತಾನೆ. ತನ್ನ ಗ್ರಹಿಕೆಯನ್ನೇ ಸರಿಯಾಗಿ ಅಂದಾಜು ಮಾಡಲಾರದವನು ತನ್ನ ತಂತ್ರಗಳನ್ನು ಸರಿಯಾಗಿ ವರದಿ ಮಾಡುತ್ತಾನೆಂದು ನಂಬುವುದು ಕಷ್ಟ. ಓದುತ್ತಿರುವಾಗಲೇ ಮನಸ್ಸಿಗೆ ಬಂದದ್ದನ್ನು ಹೇಳಿಸಿ ದಾಖಲಿಸುವ ವಿಧಾನ ನಿಧಾನದ್ದಾದರೂ ಹೆಚ್ಚು ವಿಶ್ವಾಸಾರ್ಹ. ಅಂಥ ದಾಖಲೆಗಳನ್ನು ಪ್ರೆಸ್ಲಿ ಮತ್ತು ಆಫ್ಲರ್‌ಬಾಕ್ 1995ರ ಗ್ರಂಥದಲ್ಲಿ ಕ್ರೋಡೀಕರಿಸಿದರು. ಜಾಲತಾಣಗಳ ಓದನ್ನು ಪರೀಕ್ಷಿಸಲು ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 10 ಮಂದಿ ಇತಿಹಾಸಕಾರರು, 10 ಮಂದಿ ವೃತ್ತಿಪರ ಸತ್ಯಶೋಧಕರು ಮತ್ತು ಸ್ಟ್ಯಾನ್‌ಫರ್ಡಿನ 25 ವಿದ್ಯಾರ್ಥಿಗಳನ್ನು ಹೋಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇತಿಹಾಸಕಾರರೂ ಮೋಸಹೋದದ್ದು ಕಂಡುಬಂತು. ಸತ್ಯಶೋಧಕರು ಪುಟವನ್ನು ಆಳವಾಗಿ ಓದುವ ಮೊದಲೇ ಅದನ್ನು ಬಿಟ್ಟು, ಅದರ ಬಗ್ಗೆ ಇತರರು ಏನು ಹೇಳಿದ್ದಾರೆಂದು ನೋಡಿ ಬಂದರು. ವಾಟ್ಸ್ಯಾಪ್ ಸಂದೇಶವನ್ನೇ ದಿನದ ಮುಖ್ಯ ಓದಾಗಿಸಿಕೊಂಡ ವಯಸ್ಕರಿಗೆ ಈ ಫಲಿತಾಂಶ ನೇರವಾಗಿ ಅನ್ವಯಿಸುತ್ತದೆ.

ಹೆಸರು ಹೊಸದಾದರೂ ಈ ಎಚ್ಚರ ಭಾರತಕ್ಕೆ ಹೊಸದಲ್ಲ. ವಾಕ್ಯದಿಂದ ಅರ್ಥ ಹುಟ್ಟಬೇಕಾದರೆ ಪದಗಳ ನಡುವೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳಿರಬೇಕೆಂದು ಶಾಸ್ತ್ರಕಾರರು ಹೇಳಿದರು; ಬೆಂಕಿಯಿಂದ ನೆನೆಸುತ್ತಾನೆ ಎಂಬ ವಾಕ್ಯದಲ್ಲಿ ಯೋಗ್ಯತೆಯಿಲ್ಲವೆಂಬುದು ಅವರ ಪ್ರಸಿದ್ಧ ಉದಾಹರಣೆ. ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಲು ಆರಂಭಕ್ಕೂ ಮುಕ್ತಾಯಕ್ಕೂ ಇರುವ ಹೊಂದಿಕೆ, ಮತ್ತೆ ಮತ್ತೆ ಬರುವ ಮಾತು, ಹೊಸತಾಗಿ ಹೇಳಿದ್ದು, ಫಲ, ಪ್ರಶಂಸೆ, ಯುಕ್ತಿ ಎಂಬ ಆರು ಗುರುತುಗಳನ್ನು ಮೀಮಾಂಸೆ ಮತ್ತು ವೇದಾಂತಗಳಲ್ಲಿ ಬಳಸಿದ್ದಾರೆ. ಕನ್ನಡದಲ್ಲಿ ಕವಿರಾಜಮಾರ್ಗದ ಕಾಲಕ್ಕೇ, ಅಂದರೆ ಒಂಬತ್ತನೆಯ ಶತಮಾನದಲ್ಲೇ, ಕುರಿತು ಓದುವುದು, ಎಂದರೆ ಗುರಿಯಿಟ್ಟು ಓದುವುದು, ಎಂಬ ಪರಿಕಲ್ಪನೆ ಇತ್ತು. ಗಮಕಿಯು ಕುಮಾರವ್ಯಾಸನ ಅಥವಾ ಲಕ್ಷ್ಮೀಶನ ಪದ್ಯ ವಾಚಿಸಿ ನಿಂತಾಗ ವ್ಯಾಖ್ಯಾನಕಾರ ಪದ ಬಿಡಿಸಿ, ಹಿಂದಿನ ಕಥೆಗೆ ಜೋಡಿಸಿ, ಮುಂದಿನದಕ್ಕೆ ಕುತೂಹಲ ಹುಟ್ಟಿಸುವ ಕ್ರಮದಲ್ಲಿ ಅಕ್ಷರ ಬಾರದ ವಯಸ್ಕರೂ ಹಳೆಯ ಕಾವ್ಯದ ಅರ್ಥಕ್ಕೆ ಪಾಲುದಾರರಾದರು. ಪಾಲಿನ್ಸರ್ ಮತ್ತು ಬ್ರೌನ್ ಹೆಸರಿಸಿದ ನಾಲ್ಕು ಕೆಲಸಗಳಲ್ಲಿ ಕೇಳುಗರೇ ಪ್ರಶ್ನೆ ಕೇಳುವುದೊಂದನ್ನು ಬಿಟ್ಟರೆ ಉಳಿದವು ಇಲ್ಲಿವೆ, ಬಿಟ್ಟುಹೋದದ್ದು ಸಣ್ಣದೇನಲ್ಲ.

ಕರ್ನಾಟಕದಲ್ಲಿ 1940ರ ದಶಕದಿಂದ ಕೆಲಸ ಮಾಡಿದ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿಯು ಅಕ್ಷರ ಕಲಿತವರು ಮರೆಯದಂತೆ ‘ಬೆಳಕು’ ಎಂಬ ವಾರಪತ್ರಿಕೆಯನ್ನು ಹೊರತಂದದ್ದು, ಓದಲು ಕಲಿಸಿದರೆ ಸಾಲದು, ಓದಲು ಏನಾದರೂ ಕೊಡಬೇಕೆಂಬ ತಿಳಿವಳಿಕೆಯಿಂದ. ಈಗ ಈ ಕೆಲಸ ಲೋಕಶಿಕ್ಷಣ ನಿರ್ದೇಶನಾಲಯದ ಹೊಣೆಯಲ್ಲಿದೆ. ಕೇಂದ್ರ ಸರ್ಕಾರದ 2022–27ರ ‘ಉಲ್ಲಾಸ್’ ಕಾರ್ಯಕ್ರಮದಲ್ಲಿ 15 ವರ್ಷ ಮೇಲ್ಪಟ್ಟವರಿಗೆ ಓದು, ಬರಹ, ಲೆಕ್ಕಗಳಿಗೆ ತಲಾ 50ರಂತೆ 150 ಅಂಕಗಳ ಪರೀಕ್ಷೆಯಿದೆ. ವಯಸ್ಕರ ಗ್ರಹಿಕೆಯನ್ನು ಮನೆಮನೆಗೆ ಹೋಗಿ ಅಳೆಯುವ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ ಸಮೀಕ್ಷೆಯ ಎರಡನೆಯ ಸುತ್ತಿನಲ್ಲಿ 31 ದೇಶಗಳು ಪಾಲ್ಗೊಂಡಿದ್ದು ಅವುಗಳಲ್ಲಿ ಭಾರತ ಇಲ್ಲ. ಭಾರತದ ಜನಗಣತಿಯ ವ್ಯಾಖ್ಯೆಯಂತೆ ಏಳು ವರ್ಷ ಮೇಲ್ಪಟ್ಟು, ಯಾವುದಾದರೂ ಭಾಷೆಯನ್ನು ಅರ್ಥಮಾಡಿಕೊಂಡು ಓದಲು ಬರೆಯಲು ಬಲ್ಲವರು ಸಾಕ್ಷರರು. 2011ರಲ್ಲಿ ಕರ್ನಾಟಕದಲ್ಲಿ ಅವರ ಪ್ರಮಾಣ ಶೇ. 75.36. ಗಣತಿದಾರರು ಮನೆಯವರು ಹೇಳಿದ್ದನ್ನು ಬರೆದುಕೊಂಡರೇ ಹೊರತು, ಯಾರ ಕೈಗೂ ಒಂದು ಸಾಲು ಕೊಟ್ಟು ಓದಿಸಿ ಅದರ ಅರ್ಥವೇನೆಂದು ಕೇಳಲಿಲ್ಲ.